ಅಂಡಾಶಯದಲ್ಲಿ ಗಡ್ಡೆ ಅಂದ್ರೆ ಅಂಡಾಶಯವನ್ನೇ ತೆಗೀಬೇಕಾ?

ನಾನು ಸ್ತ್ರೀರೋಗ ತಜ್ಞೆ. ಇವತ್ತು ಅಂಡಾಶಯದ ಗಡ್ಡೆಗಳ ಬಗ್ಗೆ, ಅದಕ್ಕೆ ಮಾಡೋ ಕೀಹೋಲ್ ಆಪರೇಷನ್ ಬಗ್ಗೆ ಮಾತಾಡ್ತೀನಿ. ಹುಡುಗರು ದಯವಿಟ್ಟು ಸ್ಕಿಪ್ ಮಾಡಬೇಡಿ. ಅರ್ಧ ರಾತ್ರೀಲಿ ಗೆಳತಿಯನ್ನೋ ತಂಗಿಯನ್ನೋ ಬೈಕಲ್ಲಿ ಕೂರಿಸಿಕೊಂಡು ಕ್ಯಾಶುಯಾಲ್ಟಿಗೆ ಬರೋರು ಎಷ್ಟೋ ಸಲ ನೀವೇ.

ಒಂದು ರಾತ್ರಿಯಿಂದ ಶುರು ಮಾಡ್ತೀನಿ. ಆ ಹುಡುಗಿಯ ಒಪ್ಪಿಗೆ ಕೇಳಿದ್ದೀನಿ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೀನಿ. ಹತ್ತೊಂಬತ್ತು ವರ್ಷ, ಬಿಎಸ್ಸಿ ಓದ್ತಿದ್ದಳು. ಸಂಜೆ ಥ್ರೋಬಾಲ್ ಆಡುವಾಗ ಬಲಗಡೆ ಕಿಬ್ಬೊಟ್ಟೆಯಲ್ಲಿ ಚಳಕ್ ಅಂತ ಹಿಡೀತಂತೆ. ಗ್ಯಾಸ್ ಇರಬೇಕು ಅಂತ ರೂಮ್‌ಮೇಟ್ ಸೋಡಾ ಕುಡಿಸಿದಳು. ವಾಂತಿ ಆಯ್ತು. ಮುಟ್ಟಿನ ನೋವಿರಬೇಕು ಅಂತ ವಾರ್ಡನ್ ಮಾತ್ರೆ ಕೊಟ್ರು. ಮತ್ತೆ ವಾಂತಿ. ರಾತ್ರಿ ಹನ್ನೊಂದೂವರೆಗೆ ನನಗೆ ಫೋನ್ ಬಂದಾಗ ಅವಳು ಸ್ಟ್ರೆಚರ್ ಮೇಲೆ ಮಂಡಿ ಮಡಚಿಕೊಂಡು ಮಲಗಿದ್ದಳು, ನೇರ ಮಾಡೋಕೂ ಆಗ್ತಿರಲಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಬಲ ಅಂಡಾಶಯ ಎಂಟು ಸೆಂಟಿಮೀಟರ್ ಇತ್ತು. ಸಾಮಾನ್ಯವಾಗಿ ಅದು ಸಿಪ್ಪೆ ಸಮೇತ ಇರೋ ಒಂದು ಬಾದಾಮಿಯಷ್ಟು, ಸುಮಾರು ಮೂರು ಸೆಂಟಿಮೀಟರ್ ಉದ್ದ ಇರುತ್ತೆ. ಒಳಗೊಂದು ಗಡ್ಡೆ ಕಾಣ್ತಿತ್ತು. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗ, ಚುರುಕು. "ಮೇಡಂ, ಡಾಪ್ಲರ್‌ನಲ್ಲಿ ರಕ್ತ ಓಡ್ತಾ ಇರೋದು ಕಾಣ್ತಿದೆ. ಹಾಗಾದ್ರೆ ತಿರುಚಿಕೊಂಡಿಲ್ಲ ಅಲ್ವಾ?" ಅಂದ. ಇಲ್ಲೇ ಬಹಳ ಜನ ಎಡವೋದು. ಅಂಡಾಶಯಕ್ಕೆ ಎರಡು ಕಡೆಯಿಂದ ರಕ್ತ ಬರುತ್ತೆ, ಒಂದು ಮೇಲಿನಿಂದ, ಇನ್ನೊಂದು ಗರ್ಭಕೋಶದ ಕಡೆಯಿಂದ. ಗಡ್ಡೆಯ ಭಾರಕ್ಕೆ ಅದು ತನ್ನ ತೊಟ್ಟಿನ ಮೇಲೆ ತಿರುಚಿಕೊಂಡಾಗ ಮೊದಲು ಅದುಮಿಹೋಗೋದು ತೆಳುಗೋಡೆಯ ಅಭಿಧಮನಿಗಳು, ಅಂದ್ರೆ ರಕ್ತ ವಾಪಸ್ ಹೋಗೋ ದಾರಿ. ಒಳಗೆ ಬರ್ತಾನೇ ಇರುತ್ತೆ, ಹೊರಗೆ ಹೋಗಲ್ಲ, ಊದುತ್ತೆ. ಹಾಗಾಗಿ ಡಾಪ್ಲರ್ ಚೆನ್ನಾಗಿದೆ ಅಂದ ಮಾತ್ರಕ್ಕೆ ನೆಮ್ಮದಿಯಿಂದ ಕೂರೋ ಹಾಗಿಲ್ಲ. ಹಠಾತ್ ನೋವು, ವಾಂತಿ, ದೊಡ್ಡದಾದ ಅಂಡಾಶಯ, ಇಷ್ಟು ಸಾಕು ಒಳಗೆ ಹೋಗಿ ನೋಡೋಕೆ.

ಅವಳ ಒಪ್ಪಿಗೆ ಸಿಕ್ಕಿತು, ಹದಿನೆಂಟು ದಾಟಿದವಳು, ಕಾನೂನಿಗೆ ಅದೇ ಸಾಕು. ಆದ್ರೆ ಅಮ್ಮನಿಗೆ ಹೇಳದೆ ಆಗುತ್ತಾ? ಅವರು ಊರಿಂದ ಹೊರಟಿದ್ದರು, ಕಾರಿನಲ್ಲಿದ್ದರು. ಫೋನಲ್ಲಿ ಅಳು. "ಮೇಡಂ, ನಿಮ್ ಕಾಲಿಗ್ ಬೀಳ್ತೀನಿ, ಹೊಟ್ಟೆ ಮಾತ್ರ ಕುಯ್ಬೇಡಿ. ಇನ್ನೂ ಮದ್ವೆ ಆಗ್ಬೇಕಾದ್ ಮಗು." ನಾನು ಹೇಳಿದೆ, "ಅಮ್ಮಾ, ಮೂರು ಸಣ್ಣ ತೂತು ಅಷ್ಟೇ. ಒಂದು ಹೊಕ್ಕುಳಿನಲ್ಲಿ, ಅದು ಹೊರಗೆ ಕಾಣೋದೂ ಇಲ್ಲ." ಆಕೆ ಕೇಳಿದ ಮುಂದಿನ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ. "ಅಂಡಾಶಯ ಉಳಿಯುತ್ತಾ?"

ಸ್ವಲ್ಪ ಇಲ್ಲಿ ನಿಲ್ಲಿಸ್ತೀನಿ. ಏಕೆಂದ್ರೆ 'ಗಡ್ಡೆ' ಅನ್ನೋ ಒಂದೇ ಪದದಲ್ಲಿ ನಾವು ಬೇರೆ ಬೇರೆ ಹತ್ತು ಕಾಯಿಲೆಗಳನ್ನ ತುಂಬಿಬಿಡ್ತೀವಿ, ಆಮೇಲೆ ಎಲ್ಲದಕ್ಕೂ ಒಂದೇ ಥರ ಹೆದರ್ತೀವಿ.

ಪ್ರತಿ ತಿಂಗಳು ಅಂಡಾಶಯದಲ್ಲಿ ಒಂದು ನೀರಿನ ಗುಳ್ಳೆ ಬೆಳೆಯುತ್ತೆ. ಎರಡು ಸೆಂಟಿಮೀಟರ್ ಆಸುಪಾಸು ಆದಾಗ ಒಡೆದು ಅಂಡಾಣು ಹೊರಬರುತ್ತೆ. ಕೆಲವು ಸಲ ಅದು ಒಡೆಯೋದೇ ಇಲ್ಲ, ಬೆಳೀತಾ ಹೋಗುತ್ತೆ. ಒಡೆದ ಜಾಗದಲ್ಲೇ ನೀರೋ ರಕ್ತವೋ ತುಂಬಿಕೊಳ್ಳೋದೂ ಉಂಟು. ಇಂಥವು ರೋಗವೇ ಅಲ್ಲ. ಹೆಚ್ಚಿನವು ಎರಡು ಮೂರು ಮುಟ್ಟು ಕಳೆಯೋದರೊಳಗೆ ತಾವೇ ಕರಗ್ತವೆ. ಮುಟ್ಟು ನಿಲ್ಲದ ಹೆಣ್ಣಿನಲ್ಲಿ ಐದು ಸೆಂಟಿಮೀಟರ್ ಒಳಗಿನ ಬರೀ ನೀರಿನ ಗುಳ್ಳೆಗೆ ಆಪರೇಷನ್ ಇರಲಿ, ಮತ್ತೆ ಮತ್ತೆ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ಬೇಕಿಲ್ಲ. ಅದನ್ನ ಕರಗಿಸೋಕೆ ಅಂತ ಗರ್ಭನಿರೋಧಕ ಮಾತ್ರೆ ಬರೆದುಕೊಡೋ ಪದ್ಧತಿ ಇದೆ, ಇರೋ ಗುಳ್ಳೆಯನ್ನ ಆ ಮಾತ್ರೆ ಬೇಗ ಕರಗಿಸಲ್ಲ. ಸುಮ್ನೆ ಕಾಯಬೇಕು. ಕಾಯೋದಕ್ಕೆ ಫೀಸು ಕೊಡೋದು ಯಾರಿಗೂ ಇಷ್ಟ ಇಲ್ಲ, ಅದೊಂದೇ ಸಮಸ್ಯೆ.

ಇನ್ನು ಪಿಸಿಓಡಿ. ಅದು ಗಡ್ಡೆ ಅಲ್ಲ, ಅಲ್ಲವೇ ಅಲ್ಲ. ಹೆಸರಲ್ಲಿ 'ಸಿಸ್ಟ್' ಇದೆ ಅಷ್ಟೇ. ಸ್ಕ್ಯಾನ್‌ನಲ್ಲಿ ಕಾಣೋ ಆ ಸಾಲು ಸಾಲು ಚುಕ್ಕಿಗಳು ಪೂರ್ತಿ ಬೆಳೆಯದ ಕೋಶಗಳು. ಅವನ್ನ ಆಪರೇಷನ್ ಮಾಡಿ 'ತೆಗೆಸ್ಕೋಬೇಕು' ಅಂತ ಬರೋ ಹುಡುಗಿಯರಿಗೆ ವಾರಕ್ಕೊಂದು ಸಲ ಇದನ್ನೇ ಹೇಳ್ತಿರ್ತೀನಿ.

ಕರಗದೇ ಇರೋವು ಬೇರೆ. ನಿಮ್ಮ ವಯಸ್ಸಿನವರಲ್ಲಿ ನಾನು ಜಾಸ್ತಿ ನೋಡೋದು ಎರಡು. ಒಂದು ಡರ್ಮಾಯ್ಡ್. ಅಂಡಾಣು ಆಗಬೇಕಿದ್ದ ಜೀವಕೋಶ ದಾರಿ ತಪ್ಪಿ ಚರ್ಮ, ಕೂದಲು, ಕೊಬ್ಬು, ಕೆಲವು ಸಲ ಹಲ್ಲನ್ನೂ ಬೆಳೆಸಿಬಿಡುತ್ತೆ. ತೆರೆದರೆ ಚಳಿಗಾಲದ ತುಪ್ಪದ ಥರ ಹೆಪ್ಪುಗಟ್ಟಿದ ಜಿಡ್ಡು, ಅದರಲ್ಲಿ ಕೂದಲಿನ ಉಂಡೆ. ಹಳ್ಳಿಯಲ್ಲಿ ಇದನ್ನ ನೋಡಿ ಮಾಟ ಮಾಡಿಸಿದ್ದಾರೆ ಅಂದವರಿದ್ದಾರೆ. ಮಾಟವೂ ಅಲ್ಲ, ಮಗುವೂ ಅಲ್ಲ. ಬಹುಪಾಲು ಕ್ಯಾನ್ಸರ್ ಕೂಡ ಅಲ್ಲ. ಆದ್ರೆ ತೂಕ ಇರುತ್ತೆ, ಆ ತೂಕಕ್ಕೆ ತಿರುಚಿಕೊಳ್ಳುತ್ತೆ. ಇನ್ನೊಂದು ಎಂಡೊಮೆಟ್ರಿಯೋಸಿಸ್‌ನಿಂದ ಬರೋ ಚಾಕೊಲೇಟ್ ಸಿಸ್ಟ್. ಒಳಗೆ ತಿಂಗಳು ತಿಂಗಳು ಸೇರಿದ ಹಳೇ ರಕ್ತ. ಪುಸ್ತಕದಲ್ಲಿ ಚಾಕೊಲೇಟ್ ಅಂತಿದೆ, ಮಲೆನಾಡಿನವಳಾದ ನನಗೆ ಅದು ಜೋನಿಬೆಲ್ಲದ ಹಾಗೇ ಕಾಣೋದು.

ಅಂಡಾಶಯದ ಪಕ್ಕದ ಟ್ಯೂಬ್‌ನಿಂದಲೂ ಗಡ್ಡೆ ಬರಬಹುದು. ಸೋಂಕಾಗಿ ನೀರು ಅಥವಾ ಕೀವು ತುಂಬಿರಬಹುದು. ಗರ್ಭಕೋಶದ ಬದಲು ಟ್ಯೂಬ್‌ನಲ್ಲೇ ಗರ್ಭ ಕೂತಿರಬಹುದು, ಒಡೆದರೆ ಜೀವಕ್ಕೇ ಅಪಾಯ. ಅದಕ್ಕೇ ಕಿಬ್ಬೊಟ್ಟೆ ನೋವು ಅಂತ ಬಂದ ಯಾವ ಹುಡುಗಿಗೂ ನಾವು ಪ್ರೆಗ್ನೆನ್ಸಿ ಟೆಸ್ಟ್ ಮಾಡ್ತೀವಿ. ಮದುವೆ ಆಗಿದೆಯೋ ಇಲ್ಲವೋ ಅನ್ನೋದು ಅಲ್ಲಿ ಪ್ರಶ್ನೆ ಅಲ್ಲ. ಅವಮಾನ ಅಂದ್ಕೋಬೇಡಿ. ಸ್ಟಾಫ್ ಯಾರಾದ್ರೂ ಹುಬ್ಬೇರಿಸಿದ್ರೆ ಅದು ಅವರ ತಪ್ಪು.

ಮತ್ತೆ ಈ ಸಿಎ-125. ಮೊಬೈಲಲ್ಲಿ ಆಫರ್ ನೋಡಿ 'ಫುಲ್ ಬಾಡಿ ಚೆಕಪ್' ಬುಕ್ ಮಾಡ್ತೀರಿ, ಅದರಲ್ಲಿ ಇದೂ ಸೇರಿರುತ್ತೆ. ಮೂವತ್ತೈದಕ್ಕಿಂತ ಜಾಸ್ತಿ ಬಂದ್ರೆ ಕೆಂಪಕ್ಷರದಲ್ಲಿ ತೋರಿಸ್ತಾರೆ. ರಾತ್ರಿ ಒಂದು ಗಂಟೆಗೆ ನನಗೆ ವಾಟ್ಸ್ಯಾಪ್: "ಮೇಡಂ, ನಂಗೆ ಕ್ಯಾನ್ಸರಾ?" ಈ ಸಿಎ-125 ಎಂಡೊಮೆಟ್ರಿಯೋಸಿಸ್‌ನಲ್ಲಿ ಏರುತ್ತೆ, ಫೈಬ್ರಾಯ್ಡ್‌ನಲ್ಲಿ ಏರುತ್ತೆ, ಸೋಂಕಿನಲ್ಲಿ, ಹೊಟ್ಟೆಯ ಟಿಬಿಯಲ್ಲಿ, ಅಷ್ಟೇ ಯಾಕೆ, ಮುಟ್ಟಾದ ದಿನಗಳಲ್ಲೂ ಏರಬಹುದು. ಇಪ್ಪತ್ತೈದು ವರ್ಷದವಳಲ್ಲಿ ಆ ಒಂದು ನಂಬರ್ ಹಿಡ್ಕೊಂಡು ಯಾವ ತೀರ್ಮಾನಕ್ಕೂ ಬರೋಕಾಗಲ್ಲ. ಒಳ್ಳೆ ಕೈಯಲ್ಲಿ ಆದ ಒಂದು ಸ್ಕ್ಯಾನ್ ಅದಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತೆ. ಗಟ್ಟಿ ಭಾಗ ಇದೆಯಾ, ಗೋಡೆ ಒರಟಾಗಿದೆಯಾ, ಹೊಟ್ಟೆಯಲ್ಲಿ ನೀರಿದೆಯಾ, ಇವೇ ಮುಖ್ಯ.

ಸರಿ, ಆಪರೇಷನ್ ಥಿಯೇಟರ್‌ಗೆ ಬನ್ನಿ. ಪೂರ್ತಿ ಅರಿವಳಿಕೆ ಕೊಟ್ಟಾದ ಮೇಲೆ ಹೊಕ್ಕುಳಿನ ಮಡಿಕೆಯೊಳಗೆ ಒಂದು ಸೆಂಟಿಮೀಟರ್ ಗಾಯ. ಅಲ್ಲಿಂದ ವೆರೆಸ್ ಸೂಜಿ. ಹಂಗೇರಿಯ ಯಾನೋಸ್ ವೆರೆಸ್ ಅನ್ನೋ ವೈದ್ಯರು 1930ರ ದಶಕದಲ್ಲಿ ಇದನ್ನ ಮಾಡಿದ್ದು ಟಿಬಿ ರೋಗಿಗಳ ಎದೆಗೆ ಗಾಳಿ ತುಂಬೋಕೆ. ಒಳಗೆ ಹೋದ ಕೂಡಲೇ ಸ್ಪ್ರಿಂಗ್ ಹಾರಿ ಮೊಂಡು ತುದಿ ಮುಂದೆ ಬರುತ್ತೆ, ಕರುಳಿಗೆ ಚುಚ್ಚೋ ಅಪಾಯ ಕಡಿಮೆ ಆಗುತ್ತೆ. ಅದರ ಮೂಲಕ ಕಾರ್ಬನ್ ಡೈ ಆಕ್ಸೈಡ್ ತುಂಬ್ತೀವಿ, ಯಾಕಂದ್ರೆ ಅದು ಹೊತ್ತಿಕೊಳ್ಳಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಲ್ಲಿ ಹೊರಟುಹೋಗುತ್ತೆ. ಹೊಟ್ಟೆ ಡೇರೆ ಥರ ಮೇಲೇಳುತ್ತೆ. ಟೇಬಲ್ಲನ್ನ ತಲೆ ಕೆಳಗಾಗಿ ಬಾಗಿಸ್ತೀವಿ, ಕರುಳು ತಾನಾಗೇ ಎದೆ ಕಡೆ ಜಾರುತ್ತೆ. ಕ್ಯಾಮೆರಾ ಒಳಗೆ. ಆಮೇಲೆ ಕಿಬ್ಬೊಟ್ಟೆಯ ಎರಡೂ ಬದಿಗೆ ಐದೈದು ಮಿಲಿಮೀಟರಿನ ತೂತು, ಸಲಕರಣೆಗಳಿಗೆ.

ಪರದೆ ಮೇಲೆ ಅಂಡಾಶಯ ಬಂತು. ನೇರಳೆಹಣ್ಣಿನ ಬಣ್ಣ, ಹೆಚ್ಚುಕಮ್ಮಿ ಕಪ್ಪು. ತೊಟ್ಟು ಒದ್ದೆ ಬಟ್ಟೆ ಹಿಂಡಿದ ಹಾಗೆ ಮೂರು ಸುತ್ತು ಸುತ್ತಿತ್ತು.

ಆ ಬಣ್ಣ ನಾನು ಮೊದಲು ನೋಡಿದ್ದು ಪಿಜಿ ಓದುವಾಗ. ಹದಿನೇಳು ವರ್ಷದ ಹುಡುಗಿ, ಇದೇ ಕಥೆ. ಅವತ್ತು ಹೊಟ್ಟೆ ತೆರೆದೇ ಮಾಡಿದ್ದು. ಅಸಿಸ್ಟ್ ಮಾಡ್ತಿದ್ದವಳು ನಾನು. ಕಪ್ಪಾಗಿದೆ, ಸತ್ತುಹೋಗಿದೆ, ಬಿಚ್ಚಬಾರದು. ಬಿಚ್ಚಿದರೆ ಒಳಗಿನ ರಕ್ತದ ಗರಣೆ ಶ್ವಾಸಕೋಶಕ್ಕೆ ಹೋಗಿ ಪ್ರಾಣ ಹೋಗುತ್ತೆ. ಪಾಠ ಹೇಳಿಕೊಟ್ಟಿದ್ದೇ ಹಾಗೆ. ತಿರುಚಿದ ಹಾಗೇ ಕ್ಲ್ಯಾಂಪ್ ಹಾಕಿ, ಟ್ಯೂಬ್ ಸಮೇತ ಕತ್ತರಿಸಿ ಟ್ರೇಗೆ ಹಾಕಿದ್ವಿ. ಕ್ಲ್ಯಾಂಪ್ ಹಿಡಿದಿದ್ದು ನನ್ನ ಕೈ. ಆ ಭಯಕ್ಕೆ ಆಧಾರ ಇಲ್ಲ ಅನ್ನೋದು ಆಗಲೇ ಪತ್ರಿಕೆಗಳಲ್ಲಿ ಬರ್ತಿತ್ತು, ನಮ್ಮ ಥಿಯೇಟರ್‌ವರೆಗೆ ಬಂದಿರಲಿಲ್ಲ. ಒಂದು ಅಂಡಾಶಯ ಇದ್ರೂ ಮುಟ್ಟು ಬರುತ್ತೆ, ಮಕ್ಕಳಾಗುತ್ತೆ, ಆಕೆಗೂ ಆಗಿರಬಹುದು. ಒಂದೇ ಅಂಡಾಶಯ ಇರೋರು ಯಾರಾದ್ರೂ ಕೇಳ್ತಿದ್ರೆ ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಆದ್ರೂ ಆ ಟ್ರೇ ನನಗೆ ಮರೆತಿಲ್ಲ. ಕಪ್ಪು ಬಣ್ಣ ಅಂದ್ರೆ ಸಾವಲ್ಲ, ನಿಂತ ರಕ್ತ ಅಷ್ಟೇ ಅಂತ ಅವತ್ತು ಯಾರಾದ್ರೂ ಹೇಳಿದ್ದಿದ್ರೆ ಅನ್ನಿಸುತ್ತೆ.

ಈಗ ಬಿಚ್ಚಿದೆ. ಒಂದು ಸುತ್ತು, ಎರಡು, ಮೂರು. ಬೆಚ್ಚಗಿನ ಸಲೈನ್ ಹಾಕಿ ಕಾದ್ವಿ. ಅರಿವಳಿಕೆ ಡಾಕ್ಟರ್ ಗಡಿಯಾರ ನೋಡ್ತಿದ್ರು. ಹತ್ತು ನಿಮಿಷಕ್ಕೆ ತೊಟ್ಟಿನ ಹತ್ತಿರ ಒಂದು ಕಡೆ ಸ್ವಲ್ಪ ಕೆಂಪು ಬಂತು, ಉಳಿದದ್ದು ಕಪ್ಪೇ. ಹಾಗಿದ್ರೂ ಬಿಟ್ಟು ಬರೋದೇ ಈಗಿನ ಕ್ರಮ, ಹಾಗೆ ಬಿಟ್ಟ ಅಂಡಾಶಯಗಳಲ್ಲಿ ಹೆಚ್ಚಿನವು ಮತ್ತೆ ಕೆಲಸ ಮಾಡ್ತವೆ. ಗಡ್ಡೆಯನ್ನೂ ಅವತ್ತೇ ತೆಗೀಬಹುದಿತ್ತು, ಕೆಲವರು ತೆಗೀತಾರೆ. ನಾನು ಮುಟ್ಟಿ ನೋಡಿದೆ, ನೆನೆದ ರೊಟ್ಟಿ ಥರ ಹರೀತಿತ್ತು. ಅದರಲ್ಲಿ ಗಡ್ಡೆಯ ಪದರ ಯಾವುದು, ಅಂಡಾಶಯದ ಪದರ ಯಾವುದು ಅಂತ ಬಿಡಿಸೋಕೆ ಹೋದ್ರೆ ಉಳಿದದ್ದೂ ಹೋಗುತ್ತೆ. ಹೊರಗೆ ಬಂದೆ. ಆರು ವಾರ ಬಿಟ್ಟು ಇನ್ನೊಂದು ಆಪರೇಷನ್ ಬೇಕು, ಮಧ್ಯೆ ಮತ್ತೆ ತಿರುಚಿಕೊಳ್ಳೋ ಸಾಧ್ಯತೆಯೂ ಇದೆ, ನೋವು ಬಂದ್ರೆ ಆ ನಿಮಿಷವೇ ಬರಬೇಕು ಅಂತ ಅವಳ ಅಮ್ಮನಿಗೆ ಹೇಳಿದೆ. ಎರಡೆರಡು ಸಲ ಅರಿವಳಿಕೆ ಯಾಕೆ ಅಂತ ಅವರ ಅಣ್ಣ ಕೂಗಾಡಿದ್ರು. ಅವರ ಸಿಟ್ಟು ನ್ಯಾಯವೇ.

ಇಲ್ಲೊಂದು ಹಳೇ ಕಥೆ ಹೇಳಲೇಬೇಕು. 1809ರ ಡಿಸೆಂಬರ್, ಅಮೆರಿಕದ ಕೆಂಟಕಿ. ಜೇನ್ ಟಾಡ್ ಕ್ರಾಫರ್ಡ್ ಅನ್ನೋ ಹೆಂಗಸಿಗೆ ಹೊಟ್ಟೆ ಎಷ್ಟು ಉಬ್ಬಿತ್ತಂದ್ರೆ ಅವಳಿ ಮಕ್ಕಳು ಅಂದ್ಕೊಂಡಿದ್ರು. ಗಡ್ಡೆ ಅಂತ ಕಂಡುಹಿಡಿದವನು ಡ್ಯಾನ್‌ವಿಲ್ ಊರಿನ ಡಾಕ್ಟರ್ ಎಫ್ರೇಮ್ ಮ್ಯಾಕ್‌ಡವೆಲ್. ಆಕೆ ಚಳಿಗಾಲದಲ್ಲಿ ಕುದುರೆ ಮೇಲೆ ಸುಮಾರು ನೂರು ಕಿಲೋಮೀಟರ್ ಬಂದಳು. ಅರಿವಳಿಕೆ ಬಂದಿದ್ದು 1846ರಲ್ಲಿ, ಅಂದ್ರೆ ಆಕೆಗೆ ಏನೂ ಇರಲಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಹತ್ತು ಕಿಲೋ ಗಡ್ಡೆ ಹೊರಗೆ. ಐದನೇ ದಿನ ಡಾಕ್ಟರ್ ನೋಡೋಕೆ ಹೋದ್ರೆ ಆಕೆ ಎದ್ದು ತನ್ನ ಹಾಸಿಗೆ ಸರಿ ಮಾಡ್ಕೊಳ್ತಿದ್ದಳಂತೆ. ಆಮೇಲೆ ಮೂವತ್ತೆರಡು ವರ್ಷ ಬದುಕಿದಳು. ದೊಡ್ಡ ಗಾಯ ಅಂದ್ರೆ ಕೆಟ್ಟ ಡಾಕ್ಟರ್ ಅಂತ ರೀಲ್ಸ್‌ನಲ್ಲಿ ಹೇಳೋರನ್ನ ಕಂಡಾಗ ನನಗೆ ಈಕೆ ನೆನಪಾಗ್ತಾಳೆ. ಇನ್ನೊಂದು ಕಡೆ, ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್. ಆತ ಸ್ತ್ರೀರೋಗ ತಜ್ಞ. 1980ರಲ್ಲಿ ಲ್ಯಾಪ್ರೊಸ್ಕೋಪಿಯಲ್ಲೇ ಅಪೆಂಡಿಕ್ಸ್ ತೆಗೆದಾಗ ಸರ್ಜನ್‌ಗಳು ಆತನ ಮೇಲೆ ಮುಗಿಬಿದ್ದರು. ಇವತ್ತು ಅದೇ ಸರ್ಜನ್‌ಗಳ ಶಿಷ್ಯರು ಅದನ್ನೇ ಮಾಡ್ತಿದ್ದಾರೆ.

ಹಾಗಂತ ಕೀಹೋಲ್ ಎಲ್ಲರಿಗೂ ಅಲ್ಲ. ಐವತ್ತೆರಡು ವರ್ಷದ ಒಬ್ಬ ಟೀಚರ್ ನನ್ನ ಹತ್ತಿರ ಬಂದಿದ್ರು. ಮುಟ್ಟು ನಿಂತಿತ್ತು, ಅಂಡಾಶಯದಲ್ಲಿ ಗಟ್ಟಿ ಭಾಗ ಇರೋ ಗಡ್ಡೆ, ಹೊಟ್ಟೆಯಲ್ಲಿ ಸ್ವಲ್ಪ ನೀರು. ಇದನ್ನ ತೆರೆದೇ ಮಾಡಬೇಕು, ಕ್ಯಾನ್ಸರ್ ಸರ್ಜನ್ ಮಾಡಬೇಕು ಅಂದೆ. "ಯಾಕೆ, ನಿಮಗೆ ಲ್ಯಾಪ್ರೊಸ್ಕೋಪಿ ಬರಲ್ವಾ?" ಅಂತ ಕೇಳಿದ್ರು. ಬರುತ್ತೆ, ಅದಕ್ಕೇ ಬೇಡ ಅಂದೆ. ಕ್ಯಾನ್ಸರ್ ಗಡ್ಡೆ ಅಂಡಾಶಯದೊಳಗೇ ಇದ್ದಾಗ ಇಡಿಯಾಗಿ ತೆಗೆದರೆ ಅದು ಒಂದನೇ ಹಂತದಲ್ಲೂ ಮೊದಲ ಮೆಟ್ಟಿಲು. ನಮ್ಮ ಕೈಯಲ್ಲಿ ಒಡೆದು ಒಳಗಿನದು ಹೊಟ್ಟೆಗೆ ಚೆಲ್ಲಿದರೆ ಅದೇ ಒಂದನೇ ಹಂತದ 'ಸಿ' ಆಗುತ್ತೆ, ಬೇಡದಿದ್ದ ಕೀಮೋ ಬೇಕಾಗಬಹುದು. ಚಿಕ್ಕ ತೂತಿನಲ್ಲಿ ದೊಡ್ಡ ಗಡ್ಡೆ ಎಳೆಯುವಾಗ ಒಡೆಯೋ ಸಾಧ್ಯತೆ ಹೆಚ್ಚು. ಅನುಮಾನದ ಗಡ್ಡೆಗೆ ಸೂಜಿ ಚುಚ್ಚಿ ನೀರು ತೆಗೆಯೋದೂ ಇದೇ ಕಾರಣಕ್ಕೆ ಬೇಡ. ಅವರನ್ನ ಬೆಂಗಳೂರಿನ ಕಿದ್ವಾಯಿಗೆ ಕಳಿಸಿದೆ. ಹೊಕ್ಕುಳಿಂದ ಮೇಲಕ್ಕೂ ಕೆಳಕ್ಕೂ ಉದ್ದ ಗಾಯ ಹಾಕಿ, ಗಡ್ಡೆಯನ್ನ ಇಡಿಯಾಗಿ ತೆಗೆದು ಕಳಿಸಿದ್ರು. ಆ ಗಾಯ ತೋರಿಸಿ "ಮಕ್ಕಳು ಹೆದರ್ತಾರೆ" ಅಂತ ನಗ್ತಾರೆ ಈಗ.

ಆರು ವಾರದ ಮೇಲೆ ನಮ್ಮ ಹುಡುಗಿಯ ಎರಡನೇ ಆಪರೇಷನ್. ಊತ ಇಳಿದಿತ್ತು, ಅಂಡಾಶಯ ಮುತ್ತಿನ ಬಣ್ಣಕ್ಕೆ ಬಂದಿತ್ತು. ಮೇಲ್ಪದರವನ್ನ ತೆಳ್ಳಗೆ ಕೊಯ್ದು, ಹಲಸಿನ ತೊಳೆಯಿಂದ ಬೀಜ ಬಿಡಿಸೋ ಹಾಗೆ ಗಡ್ಡೆಯನ್ನ ಬಿಡಿಸಿಕೊಳ್ಳಬೇಕು. ಅವಸರ ಮಾಡೋ ಹಾಗಿಲ್ಲ, ಅಂಡಾಣುಗಳಿರೋದು ಆ ಪದರದಲ್ಲೇ. ರಕ್ತ ಜಿನುಗಿತು ಅಂತ ಎಲ್ಲಾ ಕಡೆ ಸುಟ್ಟರೆ ಅಂಡಾಣುಗಳೂ ಸುಟ್ಟುಹೋಗ್ತವೆ. ಚಾಕೊಲೇಟ್ ಸಿಸ್ಟ್‌ನಲ್ಲಿ ಇದು ಇನ್ನೂ ಕಷ್ಟ, ಅಲ್ಲಿ ಪದರಗಳು ಅಂಟಿಕೊಂಡಿರ್ತವೆ, ಎಷ್ಟು ನಾಜೂಕಾಗಿ ತೆಗೆದರೂ ಸ್ವಲ್ಪ ಒಳ್ಳೇ ಅಂಗಾಂಶ ಜೊತೆಗೆ ಬಂದೇಬರುತ್ತೆ. ಅದಕ್ಕೇ ಎರಡೂ ಕಡೆ ಚಾಕೊಲೇಟ್ ಸಿಸ್ಟ್ ಇರೋರು ಆಪರೇಷನ್‌ಗೆ ಮೊದಲೇ ಎಎಂಎಚ್ ಪರೀಕ್ಷೆ, ಮುಂದೆ ಮಕ್ಕಳ ವಿಚಾರ ಎಲ್ಲ ಮಾತಾಡಿಕೊಳ್ಳಬೇಕು. ಆಪರೇಷನ್ ಆದ ಮೇಲೆ ಅಲ್ಲ.

ಬಿಡಿಸಿದ ಗಡ್ಡೆಯನ್ನ ಚೀಲಕ್ಕೆ ಹಾಕಿ ತೆಗೀತೀವಿ. ಅದಕ್ಕೇ ಅಂತ ಮಾಡಿದ ಚೀಲ ಬರುತ್ತೆ, ದುಬಾರಿ. ನಮ್ಮಲ್ಲಿ ಎಷ್ಟೋ ಕಡೆ ಸ್ಟೆರೈಲ್ ಕೈಗವಸನ್ನೇ ಚೀಲ ಮಾಡ್ಕೊಳ್ತೀವಿ, ಚೆನ್ನಾಗೇ ಕೆಲಸ ಮಾಡುತ್ತೆ. ಡರ್ಮಾಯ್ಡ್‌ನ ಜಿಡ್ಡು ಹೊಟ್ಟೆಯಲ್ಲಿ ಚೆಲ್ಲಿದರೆ, ಅಪರೂಪಕ್ಕಾದರೂ, ಒಳಗೆಲ್ಲ ಉರಿಯೂತ ಆಗಬಹುದು. ಅವತ್ತು ಒಂದು ಚೂರು ಚೆಲ್ಲಿತು. ಲೀಟರುಗಟ್ಟಲೆ ಬೆಚ್ಚಗಿನ ಸಲೈನ್ ಹಾಕಿ, ಮೇಲೆ ತೇಲಿದ ಎಣ್ಣೆ ಪೂರ್ತಿ ಹೋಗೋವರೆಗೆ ತೊಳೆದ್ವಿ.

ಮಾರನೇ ದಿನ ಅವಳ ಮೊದಲ ದೂರು ಏನು ಗೊತ್ತಾ? "ಮೇಡಂ, ಆಪರೇಷನ್ ಮಾಡಿದ್ದು ಹೊಟ್ಟೆಗೆ, ನೋಯ್ತಿರೋದು ಭುಜ." ಉಳಿದ ಗ್ಯಾಸ್ ವಪೆಯನ್ನ ಕೆಣಕುತ್ತೆ, ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಜಾಗದಿಂದ ಬರೋದು, ಮೆದುಳಿಗೆ ಗೊಂದಲ. ಎರಡು ಮೂರು ದಿನಕ್ಕೆ ಹೋಗುತ್ತೆ. ಎದ್ದು ಓಡಾಡಿ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಮನೆಗೆ, ಒಂದೆರಡು ವಾರಕ್ಕೆ ಕಾಲೇಜಿಗೆ. ಆದ್ರೆ ಮನೆಗೆ ಹೋದ ಮೇಲೆ ಹೊಟ್ಟೆನೋವು ದಿನದಿನಕ್ಕೆ ಕಡಿಮೆ ಆಗೋ ಬದಲು ಜಾಸ್ತಿ ಆದ್ರೆ, ಜ್ವರ ಬಂದ್ರೆ, ಹೊಟ್ಟೆ ಉಬ್ಬಿದ್ರೆ ಕಾಯಬೇಡಿ. ಕರುಳಿಗೆ ಗೊತ್ತಾಗದೆ ಗಾಯ ಆಗಿರೋ ಸಾಧ್ಯತೆ ಕಡಿಮೆ, ಆದ್ರೆ ಇದೆ. ಸಣ್ಣ ತೂತಿನ ಆಪರೇಷನ್ ಅಂದ್ರೆ ಸಣ್ಣ ಆಪರೇಷನ್ ಅಂತಲ್ಲ.

ನಿಮಗೆ ಯಾರಾದ್ರೂ ಆಪರೇಷನ್ ಬೇಕು ಅಂದ್ರೆ ಕೇಳಿ: ಎಂಟು ಹತ್ತು ವಾರ ಕಾದು ಮತ್ತೆ ಸ್ಕ್ಯಾನ್ ಮಾಡಿದ್ರೆ ಆಗಲ್ವಾ? ಗಡ್ಡೆ ಮಾತ್ರ ತೆಗೀತೀರಾ, ಅಂಡಾಶಯವನ್ನೂನಾ? ಒಳಗೆ ಹೋದ ಮೇಲೆ ಬೇರೆ ಥರ ಕಂಡ್ರೆ ಏನು ಮಾಡ್ತೀರಿ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ಇದನ್ನ ಅದರಲ್ಲೇ ಬರೆಸಿ. ಬಿಪಿಎಲ್ ಕಾರ್ಡ್ ಇರೋರು ಆಸ್ಪತ್ರೆಯ ಆಯುಷ್ಮಾನ್ ಕೌಂಟರ್‌ನಲ್ಲಿ ಆರೋಗ್ಯಮಿತ್ರರನ್ನ ಮೊದಲೇ ವಿಚಾರಿಸಿ. ಮತ್ತೆ ಬಯಾಪ್ಸಿ ರಿಪೋರ್ಟ್ ಇಸ್ಕೊಳ್ಳದೆ ಇರಬೇಡಿ. ಅದನ್ನ ಮರೆತು ಹೋಗೋರೇ ಜಾಸ್ತಿ.

ಮೂರು ತಿಂಗಳ ಮೇಲೆ ಹುಡುಗಿ ಸ್ಕ್ಯಾನ್‌ಗೆ ಬಂದಳು, ಅಮ್ಮನೂ ಬಂದಿದ್ರು. ಬಲಗಡೆ ಅಂಡಾಶಯದ ಮೇಲೆ ಪ್ರೋಬ್ ಇಟ್ಟೆ. ಪರದೆ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು, ಆರೋ ಏಳೋ, ಒಂದು ಮಾತ್ರ ಸ್ವಲ್ಪ ದೊಡ್ಡದು. ಅಮ್ಮ ಸೆರಗು ಹಿಡ್ಕೊಂಡು ಮುಂದೆ ಬಂದ್ರು. "ಅಯ್ಯೋ, ಮತ್ತೆ ಗಡ್ಡೆನಾ ಮೇಡಂ?"

"ಇಲ್ಲಮ್ಮಾ," ಅಂದೆ, "ಅದು ಈ ತಿಂಗಳ ಮೊಟ್ಟೆ ಇರೋ ಗುಳ್ಳೆ. ಅದೇ ಕಡೆಯಿಂದ ಬರ್ತಾ ಇದೆ."

ಹುಡುಗಿ ಮೊಬೈಲ್ ತೆಗೆದು ಪರದೆಯ ಫೋಟೋ ಹೊಡ್ಕೊಂಡಳು.